ಗುಂಡಮ್ಮ ಯಾರನ್ನೂ ಹೊರಗೆ ಬಿಡುವುದಿಲ್ಲ

ನಾಯಿಗಳಿಗೆ ಮನೆ ಹುಡುಕಿಕೊಡುವ ಕೆಲಸಕ್ಕೆ ಇಳಿದ ಮೇಲೆ ನನ್ನ ಒಂದು ಭಾನುವಾರವೂ ಸುಮ್ಮನೆ ಕಳೆದಿಲ್ಲ. ಯಜಮಾನರು ತೀರಿಕೊಂಡ ಮೇಲೆ ಭಾನುವಾರ ಮುಗಿಯುವುದೇ ಕಷ್ಟವಾಗಿತ್ತು. ಶಾಲೆಯಲ್ಲಿ ನನ್ನ ಜತೆ ಪಾಠ ಮಾಡುವವರೊಬ್ಬರು ಒಂದು ದಿನ ಕೆ.ಆರ್. ಪುರದ ಬಳಿಯ ಪ್ರಾಣಿಗಳ ಆಶ್ರಯಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಈಗ ನನಗೆ ಭಾನುವಾರ ಸಾಲುವುದಿಲ್ಲ.

ಇದರಲ್ಲಿ ಹೆಚ್ಚಿನ ಪಾಲು ಗುಂಡಮ್ಮನದು. ವಯಸ್ಸಾದ, ಕಂದು ಬಣ್ಣದ, ಡುಮ್ಮ ಹೊಟ್ಟೆಯ ನಾಯಿ. ಹಲಸೂರಿನಲ್ಲಿ ಸಾಕಿದ್ದವರು ಮನೆ ಖಾಲಿ ಮಾಡಿಕೊಂಡು ಹೋಗುವಾಗ ಇವಳನ್ನು ಗೇಟಿನ ಮುಂದೆ ಬಿಟ್ಟುಹೋಗಿದ್ದರು. ಒಮ್ಮೆಯೂ ಯಾರನ್ನೂ ಕಚ್ಚಿದವಳಲ್ಲ. ಇಂಥವಳಿಗೆ ಮನೆ ಸಿಗುವುದೇನು ಕಷ್ಟ ಎಂದುಕೊಂಡೆ.

ವರ್ಕ್ ಫ್ರಮ್ ಹೋಮ್

ನಮ್ಮಲ್ಲಿ ಮೊದಲು ಒಂದು ವಾರ ಇಟ್ಟುಕೊಂಡು ನೋಡಿ, ಆಮೇಲೆ ಒಪ್ಪಿಕೊಳ್ಳುವ ಪದ್ಧತಿ. ಇಂದಿರಾನಗರದ ಗಂಡ ಹೆಂಡತಿ ಗುಂಡಮ್ಮನನ್ನು ಕಾರಿನಲ್ಲಿ ಮುದ್ದಾಡಿಕೊಂಡು ಹೋದರು. ಸೋಮವಾರ ಬೆಳಗ್ಗೆ ಫೋನು ಬಂತು. ಇಬ್ಬರೂ ಆಫೀಸಿಗೆ ಹೊರಟರೆ ಗುಂಡಮ್ಮ ಹೊಸ್ತಿಲ ಮೇಲೆ ಅಡ್ಡ ನಿಂತು ಗುರ್ ಎನ್ನುತ್ತಾಳಂತೆ. ಬರುವವರನ್ನು ಬಾಲ ಅಲ್ಲಾಡಿಸಿ ಒಳಗೆ ಕರೆಯುತ್ತಾಳೆ, ಹೊರಗೆ ಮಾತ್ರ ಯಾರನ್ನೂ ಬಿಡುವುದಿಲ್ಲ. ಆಶ್ರಯದಲ್ಲಿ ಅವಳ ಗೂಡಿನ ಬಾಗಿಲಿಗೆ ನಾವು ಹೊರಗಿನಿಂದ ಚಿಲಕ ಹಾಕುತ್ತಿದ್ದುದರಿಂದ ಈ ಗುಣ ನಮಗೆ ಗೊತ್ತೇ ಆಗಿರಲಿಲ್ಲ.

ಗುರುವಾರದವರೆಗೆ ಅವರು ಮನೆಯಿಂದಲೇ ಕೆಲಸ ಮಾಡಿದರು. ಶುಕ್ರವಾರ ಗಂಡನ ಮ್ಯಾನೇಜರ್ ಏನು ಸಮಾಚಾರ ಎಂದು ನೋಡಲು ಬಂದರು. ಸಂಜೆ ಮತ್ತೆ ಫೋನು ಬಂತು. "ಮೇಡಂ, ದಯವಿಟ್ಟು ಬೇಗ ಬನ್ನಿ. ಈಗ ಮ್ಯಾನೇಜರ್ರೂ ವರ್ಕ್ ಫ್ರಮ್ ಹೋಮ್."

ಆಂಟಿಯ ಮೈದುನ

ಎರಡನೆಯ ಮನೆ ಪುಲಿಕೇಶಿನಗರದಲ್ಲಿ. ಚರ್ಚಿನಿಂದ ಬಂದರೆ ಮತ್ತೆ ಹೊರಗೆ ಹೋಗದ ಒಬ್ಬ ಆಂಟಿ. ಈ ಸಲ ನಾನು ಎಲ್ಲವನ್ನೂ ಮೊದಲೇ ವಿವರಿಸಿದ್ದೆ. "ನಾನೆಲ್ಲಿ ಹೋಗ್ತೀನಿ ಟೀಚರ್, ಮಂಡಿ ನೋವು" ಎಂದು ಆಕೆ ನಕ್ಕರು. ಇಬ್ಬರಿಗೂ ಸರಿಹೋಯಿತು. ಭಾನುವಾರ ಆಂಟಿಯ ಮೈದುನ ಊಟಕ್ಕೆ ಬರುವವರೆಗೆ.

ಮಂಗಳವಾರ ನಾನು ವಿಚಾರಿಸಲು ಹೋದಾಗ ಒಬ್ಬ ದಪ್ಪನೆಯ ಮನುಷ್ಯ ಆಂಟಿಯ ನೈಟಿ ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ತೊಟ್ಟು ಬಂದಿದ್ದ ಬಟ್ಟೆ ಒಗೆದು ಒಣಗಲು ಹಾಕಿತ್ತು. ಆಂಟಿ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. "ಡಾಗ್ ತುಂಬಾ ಸ್ವೀಟ್, ಟೀಚರ್. ಬೇಕಿದ್ರೆ ಡಾಗ್ ಇಲ್ಲೇ ಇರ್ಲಿ, ಮೈದುನನ್ನ ಕರ್ಕೊಂಡು ಹೋಗಿ."

ಅದು ನಮ್ಮ ಕೆಲಸವಲ್ಲ ಎಂದೆ. ನಾಯಿಯನ್ನೇ ಕರೆದುಕೊಂಡು ಬಂದೆ.

ಓನರ್ ಇಳಿದು ಬಂದರು

ಆಶ್ರಯ ನಡೆಸುವವರು ಈಗ ಖಚಿತವಾಗಿ ಹೇಳಿಬಿಟ್ಟರು. ಇನ್ನೊಂದು ಸಲ ವಾಪಸಾದರೆ ಗುಂಡಮ್ಮನನ್ನು ಊರಾಚೆಯ ಶೆಡ್ಡಿಗೆ ಕಳಿಸಬೇಕು. ವಯಸ್ಸಾದ ನಾಯಿಗಳು ಹೋಗುವುದು ಅಲ್ಲಿಗೆ. ಅಲ್ಲಿಗೆ ನಾಯಿ ಕೇಳಿಕೊಂಡು ಯಾರೂ ಹೋಗುವುದಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಮೂರನೆಯ ಸಲ ಗುಂಡಮ್ಮನನ್ನು ಕೇಳಿಕೊಂಡು ಬಂದವರು ಆಶ್ರಯದ ಹಿಂದಿನ ಬೀದಿಯ ಒಬ್ಬ ಹೆಂಗಸು. ಕಲಬುರಗಿ ಕಡೆಯವರು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುವವರು, ಇರುವುದು ಬಾಡಿಗೆಯ ಒಂದೇ ಕೋಣೆ. ಬಾಡಿಗೆ ಮನೆಗೆ ನಾಯಿ ಕೊಡಬೇಕಾದರೆ ಓನರ್ ಒಪ್ಪಿಗೆ ಬೇಕು. ಹಾಗಾಗಿ ಗುಂಡಮ್ಮನ ಜತೆ ನಾನೇ ಹೋದೆ.

ಮೇಲಿನ ಮಹಡಿಯಿಂದ ಓನರ್ ದಡದಡ ಇಳಿದು ಕೋಣೆಯೊಳಗೇ ಬಂದರು. ನಾಯಿ ಗೀಯಿ ಇಲ್ಲಿ ನಡೆಯಲ್ಲ ಎಂದು ಜೋರಾಗಿ ಹೇಳಿದರು. ಗುಂಡಮ್ಮ ಅವರ ಕಾಲು ನೆಕ್ಕಿದಳು. ಹೇಳಿ ಮುಗಿಸಿ ಅವರು ತಿರುಗಿದರು. ಅಷ್ಟರಲ್ಲಿ ಗುಂಡಮ್ಮ ಹೊಸ್ತಿಲ ಮೇಲಿದ್ದಳು.

ಓನರ್ ಕೂತರು. ಮನೆಯಾಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. ತಿಂದು ಎದ್ದರು. ಗುರ್. ಮತ್ತೆ ಕೂತು ಇನ್ನೊಂದು ರೊಟ್ಟಿ ತಿಂದರು. ಗಂಡ ಎಲ್ಲಿ ಹೋದರೆಂದು ಹುಡುಕಿಕೊಂಡು ಅವರ ಹೆಂಡತಿ ಬಂದರು. ಅವರನ್ನೂ ಗುಂಡಮ್ಮ ಸಂಭ್ರಮದಿಂದ ಒಳಗೆ ಬಿಟ್ಟುಕೊಂಡಳು. ಒಟ್ಟಿನಲ್ಲಿ ನಾವೆಲ್ಲ ಕೈದಿಗಳಾದೆವು. ಇಲ್ಲಿಗೆ ಮುಗಿಯಿತು, ಶೆಡ್ಡೇ ಗತಿ ಎಂದುಕೊಂಡೆ.

ಕಲಬುರಗಿಯ ಆ ಹೆಂಗಸು ಮಾತ್ರ ಗುಂಡಮ್ಮನನ್ನೇ ನೋಡುತ್ತಿದ್ದರು. "ಓನರ್ ಸಾಹೇಬ್ರ, ಹೆಗಲ ಮ್ಯಾಲಿನ ಟವಲ್ ಕೊಡ್ರಿ ಇಲ್ಲಿ" ಎಂದರು. ಅದನ್ನು ನೆಲದ ಮೇಲೆ ಹಾಸಿದರು. ಗುಂಡಮ್ಮ ಬಂದು ಮೂಸಿದಳು, ಅದರ ಮೇಲೆ ಮುದುರಿ ಮಲಗಿದಳು. ಬಾಗಿಲು ಖಾಲಿಯಾಯಿತು.

"ಕೆಲಸಕ್ಕ ಹೋಗೂಮುಂದ ಕೂಸಿಗೆ ನನ್ನ ಸೀರಿ ಹೊಚ್ಚಿ ಹೋಗ್ತಿದ್ದೆರಿ" ಎಂದರು ಆಕೆ. "ವಾಸನಿ ಇದ್ರ ಅವ್ವ ಬರ್ತಾಳಂತ ಸುಮ್ನ ಮಕ್ಕೊಂತಿತ್ತು. ಇದೂ ಅಂಥಾದ್ದೇ."

ಓನರ್ ಹೊರಗೆ ಓಡಿದರು. ಹೊರಡುವ ಒಬ್ಬೊಬ್ಬರೂ ತಮ್ಮದೊಂದು ವಸ್ತು ಬಿಟ್ಟರೆ ಮಾತ್ರ ದಾರಿ. ಅವರ ಹೆಂಡತಿ ಕರವಸ್ತ್ರ ಬಿಟ್ಟು ಹೋದರು. ವಾರದ ಮಟ್ಟಿಗೆ ನೋಡೋಣ ಎಂದು ಗುಂಡಮ್ಮನನ್ನು ಅಲ್ಲೇ ಉಳಿಸಿ, ನಾನು ನಮ್ಮ ಯಜಮಾನರ ಛತ್ರಿ ಬಿಟ್ಟು ಬಂದೆ. ಅವರು ತೀರಿಕೊಂಡ ಮೇಲೆ ಅದನ್ನು ಎಲ್ಲಿಯೂ ಬಿಟ್ಟಿರಲಿಲ್ಲ.

ಸಹಿ

ವಾರ ಕಳೆದು ಓನರ್ ತೀರ್ಮಾನ ಕೇಳಲು ಮಹಡಿ ಹತ್ತಿದೆ. ಬಾಗಿಲು ತೆಗೆದದ್ದು ಅವರ ಹೆಂಡತಿ. ಟವಲ್ ತರಲು ಹೋದ ಗಂಡ ಟೋಪಿ ಬಿಟ್ಟು ಬಂದರಂತೆ. ಟೋಪಿ ತರಲು ಹೋಗಿ ಸ್ವೆಟರ್ ಬಿಟ್ಟರು. ದಿನವೂ ಇದೇ ನಡೆದಿದೆ. ನಾಯಿಯನ್ನು ವಾಪಸ್ ಒಯ್ಯಬೇಡಿ ಎಂದು ಆಕೆಯೇ ನನ್ನ ಕೈ ಹಿಡಿದುಕೊಂಡರು. ರಿಟೈರ್ ಆದ ಮೇಲೆ ಈ ಮನುಷ್ಯ ನನ್ನ ಅಡುಗೆಮನೆ ಬಿಟ್ಟು ಹೊರಗೆ ಹೋಗುತ್ತಿರುವುದು ಇದೇ ಮೊದಲು ಎಂದರು.

ಓನರ್ ಒಪ್ಪಿಗೆ ಪತ್ರವನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಸಹಿ ಎಲ್ಲಿ ಹಾಕಬೇಕೋ ಅಲ್ಲಿ ಬೆರಳಿಟ್ಟು ತೋರಿಸಿ ಎಂದರು. ಕನ್ನಡಕ ಗುಂಡಮ್ಮನ ಹತ್ತಿರ ಇತ್ತು. ನಾನು ತೋರಿಸಿದಲ್ಲಿ ಸಹಿ ಬಿತ್ತು. ಕನ್ನಡಕ ಈಗಲೇ ತಂದುಕೊಡುತ್ತೇನೆ ಎಂದು ಎದ್ದೆ.

ಓನರ್ ಗಾಬರಿಯಿಂದ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಕೂತ್ಕೊಳ್ಳಿ ಟೀಚರ್. ಅದನ್ನ ನಾಳೆ ರಾತ್ರಿ ಊಟದ ಹೊತ್ತಿಗೆ ನಾನೇ ಹೋಗಿ ತರ್ತೀನಿ. ನಾಳೆ ಕೆಳಗೆ ಅವ್ರ ಮನೇಲಿ ಎಣ್ಣೆಗಾಯಿ."