ಹೊಗೆಗಿಂಡಿಗೆ ಕೈ ಹಚ್ಚಿದ್ದು

ನೆಟ್ಟಗೆ ಆಗುವ ಕೆಲಸವನ್ನು ನೆಟ್ಟಗೆ ಮಾಡಗೊಡಬಾರದೆಂದು ಲಿಂಗಸುಗೂರಿನ ನಮ್ಮ ಮನೆಯವರೆಲ್ಲ ಪಣ ತೊಟ್ಟಂತಿತ್ತು. ನಿಜಾಮರ ಕಾಲದ ಮಾತು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿ ಸೊಸೆಯಾಗಿ ಬಂದ ನಾನು ಕೇಳಿದ್ದು ಒಂದೇ: ಅಡುಗೆಮನೆಯ ಮಾಳಿಗೆಯಲ್ಲಿ ಹೊಗೆ ಹೋಗಲು ಬಿಟ್ಟ ಕಿಂಡಿಯನ್ನು ಸ್ವಚ್ಛ ಮಾಡಿಸಿರಿ. ಮಸಿ ಕಟ್ಟಿ ಅದು ಮುಚ್ಚಿಹೋಗಿತ್ತು. ಮುಂಜಾನೆಯಿಂದಲೇ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸಂಜೆಗೆ ಪುಸ್ತಕದ ಅಕ್ಷರ ಕಾಣುತ್ತಿರಲಿಲ್ಲ.

ಅತ್ತೆಯವರ ಜವಾಬು

"ಕಿಂಡಿ ತೆಗೆಸಿದ್ರ ಹೊಗಿ ಹೊರಗ ಹೋಗತೈತಲ್ಲವಾ!" ಎಂದು ಅತ್ತೆ ಗಾಬರಿಯಾದರು.

"ಹೋಗಲೆಂದೇ ಅಲ್ಲವೇ ಕಿಂಡಿ ಇಟ್ಟಿದ್ದು?"

ಅವರು ಒಲೆಯ ಮೇಲೆ ತೂಗುಹಾಕಿದ್ದ ಜೋಳದ ತೆನೆಗಳನ್ನು ತೋರಿಸಿದರು. ಬಿತ್ತನೆಯ ಬೀಜ. ಹೊಗೆ ಬಡಿದರೆ ಹುಳ ಹತ್ತುವುದಿಲ್ಲವಂತೆ.

"ಮತ್ತೆ ನನ್ನ ಕಣ್ಣು?"

"ಅದಕ್ಕೂ ಹುಳ ಹತ್ತಂಗಿಲ್ಲ ತಗೋ!"

ಯಜಮಾನರ ತನಿಖೆ

ನಮ್ಮ ಯಜಮಾನರು ಕಚೇರಿಯ ಗುಮಾಸ್ತರು, ಪಡಸಾಲೆಯಲ್ಲಿ ಗಾಳಿಗೆ ಕೂತು ಉಣ್ಣುವವರು. "ಹೊಗಿ ಎಲ್ಲೈತಿ? ನನಗ ಒಂದಿನಾನೂ ಕಂಡಿಲ್ಲ" ಎಂದರು. ಮರುದಿನ ಅವರ ತಾಟನ್ನು ಒಲೆಯ ಪಕ್ಕದಲ್ಲಿಟ್ಟೆ. ಅರ್ಧ ರೊಟ್ಟಿಗೇ ಎದ್ದು, ಕಣ್ಣು ಮೂಗು ಒರೆಸುತ್ತ ಹೊರಬಿದ್ದರು. ಕಟ್ಟೆಯ ಮೇಲಿದ್ದ ನೆರೆಯವರು ಎದ್ದೇ ನಿಂತರು.

"ಯಾಕ್ರೀ, ಯಾರು ತೀರ್ಕೊಂಡ್ರು?"

"ಯಾರೂ ಇಲ್ರೀ. ನಮ್ಮಾಕಿ ಸಾರಿಗೆ ಖಾರ ಭಾಳ ಹಾಕ್ಯಾಳ."

ಕಿಂಡಿಯ ಮಸಿ ತೆಗೆಯಲು ಆಳನ್ನು ಗೊತ್ತು ಮಾಡಿದರು, ಸರಿ. ಆದರೆ ಅಂದು ನಾನು ಸಾರನ್ನೇ ಮಾಡಿರಲಿಲ್ಲ!

ಆಳು ಮಾಳಿಗೆ ಹತ್ತಿದ್ದು

ಮಗನೇ ಕಳಿಸಿದ ಆಳೆಂದು ಅತ್ತೆ ಅಡ್ಡ ಬರಲಿಲ್ಲ. ನಮ್ಮ ಓಣಿಯಲ್ಲಿ ಗಂಡಸರು ಮಾಳಿಗೆ ಹತ್ತುವ ಮೊದಲು "ಪರದಾ!" ಎಂದು ಕೂಗಬೇಕು, ಅಂಗಳದ ಹೆಂಗಸರು ಅವರ ಕಣ್ಣಿಗೆ ಬೀಳದಂತೆ ಒಳಗೆ ಹೋಗಬೇಕು. ಈ ರಿವಾಜು ತಪ್ಪಕೂಡದೆಂದು ಆಳಿಗೆ ನಾನೇ ತಾಕೀತು ಮಾಡಿದ್ದೆ. ಪುಣ್ಯಾತ್ಮ ಊರಿಗೆಲ್ಲ ಕೇಳುವಂತೆ ಕೂಗಿದ. ಅಂಗಳದಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದ ಅತ್ತೆ ಮತ್ತು ನೆರೆಮನೆಯ ಹೆಂಗಸರು ಸೆರಗು ಎಳೆದುಕೊಂಡು ಓಡಿದರು. ಎಲ್ಲಿಗೆ? ಹತ್ತಿರದ ಬಾಗಿಲಿಗೆ, ಅಡುಗೆಮನೆಗೆ!

"ಅಲ್ಲಿ ಬೇಡಿರಿ!" ಎಂದು ಪಡಸಾಲೆಯಿಂದ ನಾನು ಕೂಗುವುದಕ್ಕೂ ಮೇಲಿನಿಂದ ಅವನು ಬಿದಿರಿನ ಕೋಲನ್ನು ಕಿಂಡಿಗೆ ತುರುಕುವುದಕ್ಕೂ ಸರಿಹೋಯಿತು. ಮಾವನವರ ಅಪ್ಪನ ಕಾಲದ ಮಸಿಯೆಲ್ಲ ದಬದಬನೆ ಸುರಿಯಿತು. ಕೆಮ್ಮುತ್ತ ಹೊರಬಂದವರಲ್ಲಿ ಯಾರು ಯಾರೆಂದು ನನಗೇ ತಿಳಿಯಲಿಲ್ಲ. ಆಳು ಇನ್ನೂ ಮೇಲೆಯೇ ಇದ್ದ. ನೆರೆಮನೆಯವರು ಹೌಹಾರಿ ಮತ್ತೆ ಒಳಗೆ ಓಡಹೊರಟರು.

ಅತ್ತೆ ತಡೆದರು: "ನಿಂದರ್ರೇ, ಇನ್ನ ಯಾತರ ಪರದಾ? ನಿಮ್ಮ ಗಂಡಂದಿರಿಗೇ ನಿಮ್ಮ ಗುರ್ತ ಸಿಗಂಗಿಲ್ಲ!"