ಮೋಟಾರು ಚಾಲೂ ಆಯಿತೋ ಇಲ್ಲವೋ

ನಾನು ಹುಟ್ಟು ಪುಕ್ಕಲ. ಹಾವು, ಹಲ್ಲಿನ ಡಾಕ್ಟರು, ಶಾಲೆ ತಪಾಸಣೆಗೆ ಬರುವ ಸಾಹೇಬರು, ಎಲ್ಲಕ್ಕೂ ಹೆದರುತ್ತೇನೆ. ಆದರೆ ಇವೆಲ್ಲಕ್ಕಿಂತ ನನ್ನ ಜೀವ ಹಿಂಡುವುದು ನನ್ನದೇ ಫೋನು. ಆಗುವುದಿಲ್ಲ ಎಂದು ಮುಖದ ಮೇಲೆ ಹೇಳಿದರೆ ಬೈದು ಸುಮ್ಮನಾಗಬಹುದು. ಇದು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದೂ ಇಲ್ಲ. ನಡುವೆ ಒಂದು ಉಂಗುರ ತಿರುಗಿಸುತ್ತ ಕೂತುಬಿಡುತ್ತದೆ.

ನಾನು ಮಸ್ಕಿಯಲ್ಲಿ ಮಾಸ್ತರ, ಗದ್ದೆ ಇರುವುದು ದಢೇಸುಗೂರಿನಲ್ಲಿ. ಓಡಾಟ ತಪ್ಪಲಿ ಎಂದು ಫೋನಿನಿಂದಲೇ ಮೋಟಾರು ನಡೆಸುವ ಆ್ಯಪ್ ಹಾಕಿಸಿಕೊಂಡಿದ್ದೇನೆ. ಹಸಿರು ಒತ್ತಿದರೆ ಚಾಲೂ, ಕೆಂಪು ಒತ್ತಿದರೆ ಬಂದ್. ಮೊನ್ನೆ ರವಿವಾರ, ನೆಲ ನೆನೆಯಲಿ ಎಂದು ಹಸಿರು ಒತ್ತಿದೆ. ಉಂಗುರ ತಿರುಗಿತು. ಸಿಟ್ಟು ಬಂದು ಮತ್ತೆ ಮತ್ತೆ ಒತ್ತಿದೆ. ಆಮೇಲೆ ನೆನಪಾಯಿತು ನೋಡಿ. ಹಿಂದಿನ ದಿನವಷ್ಟೇ ಪಕ್ಕದ ಹೊಲದ ಮೆಹಬೂಬ ಚಾಚಾ ಫೋನು ಮಾಡಿ, "ಮಾಸ್ತರ್ರ, ನಿಮ್ಮ ಗದ್ದಿ ಒಣಗಿ ಗಟ್ಟಿ ಆಗೈತಿ. ನಮ್ಮ ಭತ್ತ ಹರವಲೇನ್ರಿ?" ಎಂದಿದ್ದರು. "ಇದಕ್ಕೂ ಕೇಳ್ತಾರೇನ್ ಚಾಚಾ, ಹರವ್ರಿ" ಎಂದು ಧಾರಾಳವಾಗಿ ಹೇಳಿದ್ದೆ. ಅಂದರೆ ಅವರ ಇಡೀ ಬೆಳೆ ಈಗ ನನ್ನ ಪೈಪಿನ ಬಾಯಿಗೆ ಮಲಗಿತ್ತು!

ಗಾಬರಿಯಿಂದ ಕೆಂಪು ಒತ್ತಿದೆ. ಮತ್ತದೇ ಉಂಗುರ. ಹಸಿರು ಹೋಯಿತೋ ಇಲ್ಲವೋ ಆ ದೇವರಿಗೇ ಗೊತ್ತು. ಹೆಂಡತಿಯ ಫೋನು ಕಸಿದುಕೊಂಡೆ; ಚಾಚಾನ ನಂಬರು ಇದ್ದದ್ದು ಸತ್ತಂತೆ ಬಿದ್ದ ನನ್ನ ಫೋನಿನೊಳಗೆ. ಬಾಯಿಪಾಠ ಇದ್ದದ್ದು ನನ್ನ ನಂಬರು ಒಂದೇ. "ಹಂಗಾದ್ರ ನಿಮಗ ನೀವ ಫೋನ್ ಹಚ್ಚಿ ಕೇಳ್ರಿ" ಎಂದಳು ಅವಳು. ನನಗೆ ನಗು ಬರಲಿಲ್ಲ. ಬಸ್ ಹತ್ತಿದೆ.

ಸಿಂಧನೂರಿನವರೆಗೂ ಕಣ್ಣ ಮುಂದೆ ಭತ್ತ ತೇಲುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ನನ್ನ ಒದ್ದಾಟ ನೋಡಲಾರದೆ, "ಅಣ್ಣಾರ, ಎಷ್ಟ್ ಆ್ಯಪ್ ತೆರದಿಟ್ಟೀರ್ರಿ! ಎಲ್ಲಾ ಹಿಂದ ಓಡಾಕತ್ತಾವು. ಮೆಮರಿನೂ ತುಂಬೈತಿ. ಒಂದೊಂದ ತಗೀರಿ" ಎಂದಳು. ತೆಗೆಯುತ್ತ ಹೋದೆ. ನಡುವೆ ಚಾಚಾನ ನಂಬರು ಹುಡುಕಿದರೆ ಅಲ್ಲೂ ಅದೇ ಉಂಗುರ. ಫೋನು ಚೊಕ್ಕ ಮಾಡುವ ಆ್ಯಪ್‌ಗಳೇ ಎರಡಿದ್ದವು. ಒಂದನ್ನು ತೆಗೆದುಹಾಕೆಂದು ಇನ್ನೊಂದು ಚಾಡಿ ಹೇಳುತ್ತಿತ್ತು. ಸೋದರಮಾವ ದಿನಾ ಬೆಳಿಗ್ಗೆ ಕಳಿಸುವ ಶುಭೋದಯದ ದೇವರುಗಳನ್ನು ಅಳಿಸುವ ಸರದಿ ಬಂತು. ಇಂಥ ಹೊತ್ತಿನಲ್ಲಿ ದೇವರನ್ನು ಎದುರು ಹಾಕಿಕೊಳ್ಳುವುದೇ? ಒಂದೊಂದಕ್ಕೂ ಮನಸ್ಸಿನಲ್ಲೇ ಕೈ ಮುಗಿದು ಅಳಿಸಿದೆ. ಪ್ರತಿ ಚಿತ್ರಕ್ಕೂ "ಖಚಿತವೇ?" ಎಂದು ಫೋನು ಕೇಳುತ್ತಿತ್ತು. ನನಗೆ ಈ ಜನ್ಮದಲ್ಲಿ ಯಾವುದು ಖಚಿತವಾಗಿದೆ?

ಗದ್ದೆ ಮುಟ್ಟಿದವನೇ ಬದುವಿನ ಮೇಲೆ ಓಡಿದೆ. ನೋಡಿದರೆ ಮೋಟಾರು ಸುಮ್ಮನಿತ್ತು. ಹಾಸಿದ್ದ ಪ್ಲಾಸ್ಟಿಕ್ ತಾಡಪತ್ರಿಯ ಮೇಲೆ ಭತ್ತ ಬಂಗಾರದ ಹಾಗೆ ಒಣಗುತ್ತಿತ್ತು. ಚಾಚಾ ಅದರಲ್ಲಿ ಕಾಲಿನಿಂದ ಸಾಲು ಎಳೆಯುತ್ತ, "ಏನ್ರಿ ಮಾಸ್ತರ್ರ, ಮುಖ ಬಿಳಿಚಿಕೊಂಡೈತಿ, ನೀರು ಕುಡೀತೀರೇನು?" ಎಂದರು. ನೀರು ಎಂಬ ಶಬ್ದಕ್ಕೇ ನಾನು ಬೆಚ್ಚಿದೆ. ಏನೂ ಇಲ್ಲವೆಂದು ಮೋಟಾರಿನ ಪಕ್ಕ ಒರಗಿ ನಿಂತು ಸುಧಾರಿಸಿಕೊಂಡೆ. ಫೋನಿನಲ್ಲಿ ಉಳಿದಿದ್ದ ಭಾರವೆಂದರೆ ಬೀಳ್ಕೊಡುಗೆ ಸಮಾರಂಭದಲ್ಲಿ ನಾನು ಮಾಡಿದ ಭಾಷಣದ ವಿಡಿಯೊ. ಒಲ್ಲದ ಮನಸ್ಸಿನಿಂದ ಅದನ್ನೂ ಅಳಿಸಿದೆ.

ಫೋನಿಗೆ ಜೀವ ಬಂತು. ಬೆಳಗಿನಿಂದ ಒಳಗೇ ಸಿಕ್ಕಿಕೊಂಡಿದ್ದ ಹಸಿರುಗಳೆಲ್ಲ ಒಂದರ ಹಿಂದೊಂದು ಹೊರಟವು. ಸರದಿ ಕೆಂಪಿಗೆ ಬಂದಾಗ ಮತ್ತೆ ಉಂಗುರ. ಮೋಟಾರು ಗುಂಯ್ಗುಟ್ಟಿತು, ಪೈಪು ಕೆಮ್ಮಿತು, ನೀರು ಬಂತು!

"ಯಾ ಅಲ್ಲಾ! ಬಂದ್ ಮಾಡ್ರೀ!" ಚಾಚಾ ತಾಡಪತ್ರಿಯ ಅಂಚು ಎತ್ತಿ ಹಿಡಿದು ಕೂಗಿದರು.

"ಮಾಡಾಕತ್ತೀನಿ ಚಾಚಾ, ಲೋಡ್ ಆಗಾಕತ್ತೈತಿ!" ನಾನು ಬೆವರುತ್ತ ಫೋನಿನ ಕೆಂಪನ್ನು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ.

ಚಾಚಾ ಅಂಚು ಬಿಟ್ಟು ಓಡಿಬಂದು ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದರು. ಅಷ್ಟು ಹೊತ್ತು ನಾನು ಒರಗಿ ನಿಂತಿದ್ದು ಸ್ಟಾರ್ಟರ್ ಡಬ್ಬಿಗೇ. ಅದರ ಕೆಂಪು ಗುಂಡಿಯನ್ನು ಅವರು ಹೆಬ್ಬೆರಳಿನಿಂದ ಒಂದೇ ಒಂದು ಸಲ ಒತ್ತಿದರು.