ಸನ್ಮಾನ ರಜೆ

ಅಮೆರಿಕದ ಫಾಸ್ಟರ್ ಸಿಟಿಯಲ್ಲಿರುವ ನಮ್ಮ ದಿಂಬೋನಿಕ್ಸ್ ಕಂಪನಿಯು ಲಾಸ್ ಆಲ್ಟೋಸಿನ ಇನ್ನೊಂದು ದಿಂಬಿನ ಕಂಪನಿಯ ಮೇಲೆ ಈ ವರ್ಷ ಯುದ್ಧ ಸಾರಿತು. ಯುದ್ಧಕ್ಕೆ ಸಕಾರಣವಿತ್ತು. ನಮ್ಮ ದಿಂಬು, ಅದರ ಮೇಲೆ ತಲೆಯಿಟ್ಟವರು ಎಷ್ಟು ಕೆಟ್ಟದಾಗಿ ನಿದ್ದೆ ಮಾಡಿದರೆಂಬುದನ್ನು ಬೆಳಿಗ್ಗೆ ಅವರ ಫೋನಿಗೆ ತಿಳಿಸುತ್ತದೆ. ಲಾಸ್ ಆಲ್ಟೋಸಿನವರ ದಿಂಬು ಅದನ್ನು ರಾತ್ರಿಯೇ, ಎಬ್ಬಿಸಿ ತಿಳಿಸತೊಡಗಿತು. ಸ್ವಾಭಿಮಾನವಿರುವ ಯಾವ ಕಂಪನಿಯೂ ಇದನ್ನು ಸಹಿಸುವಂತಿರಲಿಲ್ಲ.

ಯುದ್ಧಕಾಲದ ನಿಯಮಗಳನ್ನು ಸಿಇಓ ಅಜಯ ಅವರು ಮೀಟಿಂಗು ಕರೆದು ಓದಿದರು. ನೌಕರರು “ಹೇಗೆ?” ಎಂದು ಕೇಳಬಹುದು, “ಯಾಕೆ?” ಎಂದು ಕೇಳುವುದು ಶತ್ರುವಿಗೆ ನೆರವು. ಕೆಲಸದ ವೇಳೆ ಆಕಳಿಸುವುದು ಕಂಪನಿಯ ದಿಂಬಿನ ಬಗ್ಗೆ ಅಪಪ್ರಚಾರ. ರಜೆಗಳು ರದ್ದಾಗಿಲ್ಲ, ಯುದ್ಧ ಮುಗಿಯುವವರೆಗೆ ಅವನ್ನು ಭದ್ರವಾಗಿ ಎತ್ತಿಡಲಾಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದೆವು.

ಇದರಿಂದ ತೊಂದರೆಯಾದದ್ದು ಗೊರಕೆ ವಿಭಾಗದ ಇಂಜಿನಿಯರು ರಹೀಮ್ ಅವರಿಗೆ. ಮೈಸೂರಿನವರು, ಬಾಯಿಲ್ಲದ ಪ್ರಾಣಿ. ಹೆಂಡತಿ ಅಮೀನಾ ಚೊಚ್ಚಲ ಬಸುರಿ, ತುಂಬಿದ ಒಂಬತ್ತು ತಿಂಗಳು. ಅಮೀನಾಳ ತಾಯಿಗೆ ವೀಸಾ ಸಿಗದೆ, ಮನೆಯಲ್ಲಿ ಬೇರೆ ದಿಕ್ಕಿರಲಿಲ್ಲ. ಹೆರಿಗೆಯ ಹೊತ್ತಿಗೆ ಹೆಂಡತಿಯ ಪಕ್ಕದಲ್ಲಿರಬೇಕು ಎಂಬುದೊಂದೇ ರಹೀಮರ ಆಸೆ. ಎಚ್‌ಆರ್ ಕಾವ್ಯಾ ಅವರ ಬಳಿ ಹೋದರು.

“ರಹೀಮ್, ಡ್ಯೂ ಡೇಟ್ ಅಂದ್ರೆ ಎಸ್ಟಿಮೇಟ್ ತಾನೇ? ಸ್ವಲ್ಪ ಮುಂದಕ್ಕೆ ಪುಶ್ ಮಾಡೋಕಾಗಲ್ವಾ?”

“ಮೇಡಮ್, ಪುಶ್ ಮಾಡಿದ್ರೆ ಇನ್ನೂ ಬೇಗ ಆಗ್ಬಿಡುತ್ತೆ.”

“ಹಾಗಾದ್ರೆ ಹೋಗಿ ಬನ್ನಿ. ಕಾನೂನು ನಿಮ್ಮ ಕಡೆಗಿದೆ, ನಾವು ಬೇಡ ಅನ್ನೋ ಹಾಗಿಲ್ಲ. ಆದ್ರೆ ಯುದ್ಧದಿಂದ ಓಡಿಹೋದೋರ ವೀಸಾ ಪೇಪರಿಗೆ ಯಾರು ಸೈನ್ ಹಾಕ್ತಾರೋ ನನಗೆ ಗೊತ್ತಿಲ್ಲಪ್ಪ.”

ರಹೀಮ್ ಸೀಟಿಗೆ ಬಂದು ಕೂತರು.

ನಮ್ಮ ಆಫೀಸಿನಲ್ಲಿ ಒಂದು ಕನ್ನಡ ಸಂಘವಿದೆ. ಬಾಗಲಕೋಟೆಯ ಸೋಮಲಿಂಗಪ್ಪನವರು ಅಧ್ಯಕ್ಷರು, ಮೇಲೆ ಹೇಳಿದ ಕಾವ್ಯಾ ಅವರೇ ಖಜಾಂಚಿ, ನಾನು ಪ್ರಧಾನ ಕಾರ್ಯದರ್ಶಿ, ಉಳಿದವರೆಲ್ಲ ಉಪಾಧ್ಯಕ್ಷರು. ಯುಗಾದಿಗೆ ಹೋಳಿಗೆ ತಿಂದದ್ದು ಬಿಟ್ಟರೆ ಸಂಘವು ಯಾವ ಅಪರಾಧವನ್ನೂ ಮಾಡಿರಲಿಲ್ಲ. ರಹೀಮರ ಸಪ್ಪೆ ಮುಖ ನೋಡಲಾರದೆ ಸೋಮಲಿಂಗಪ್ಪನವರು ಆಫೀಸಿನ ಚಾಟಿನಲ್ಲಿ ಬರೆದರು: “ಎಲ್ಲಾರೂ ಕೆಲಸ ಬಿಟ್ಟು ಸಂಘದ ಮೀಟಿಂಗಿಗೆ ಬರ್ರಿ. ರಹೀಮನ ಮನಿಯವರಿಗೆ ಬಯಕಿ ಊಟ ಮಾಡೂಣು.”

ಯುದ್ಧಕಾಲದಲ್ಲಿ ಚಾಟನ್ನೆಲ್ಲ ಓದಲು ಕಂಪನಿ ಒಂದು ಅನುವಾದದ ಯಂತ್ರ ಇಟ್ಟಿತ್ತು. ಅದಕ್ಕೆ ಸಂಘವೆಂದರೆ ಕಾರ್ಮಿಕರ ಯೂನಿಯನ್ನು, ಬಯಕೆಯೆಂದರೆ ಬೇಡಿಕೆ. ಕೆಲಸ ಬಿಟ್ಟು ಬನ್ನಿ ಎಂಬುದನ್ನು ಮಾತ್ರ ಸರಿಯಾಗಿಯೇ ಅನುವಾದಿಸಿತು. ಮಧ್ಯಾಹ್ನದೊಳಗೆ ಯೂನಿಯನ್ನು ಮುರಿಯುವುದರಲ್ಲಿ ಹೆಸರಾದ ಕನ್ಸಲ್ಟೆಂಟರೊಬ್ಬರು ಬಂದಿಳಿದರು. ಸೋಮಲಿಂಗಪ್ಪನವರ ಮೇಜಿನ ಮೇಲಿದ್ದ ಹಳದಿ-ಕೆಂಪು ಬಾವುಟವನ್ನು ಪರಿಶೀಲಿಸಿ, “ಅರ್ಧ ಸಮಾಜವಾದ” ಎಂದು ವರದಿ ಕೊಟ್ಟರು. ಅಜಯರು ಕನ್ನಡದವರೇ, ಸಂಘವೆಂದರೇನೆಂದು ಬಲ್ಲವರು. ಆದರೆ ಅಷ್ಟು ದುಬಾರಿ ವರದಿಯನ್ನು ನಂಬದೆ ಇರುವುದು ಹೇಗೆ?

“ನಿಮ್ಮ ಬೇಡಿಕೆಗಳೇನು?” ಎಂದು ಕನ್ಸಲ್ಟೆಂಟರು ಕೇಳಿದರು.

ಬೇಡಿಕೆ ಇರಬಹುದೆಂಬುದು ಅಲ್ಲಿಯವರೆಗೆ ನಮಗೆ ಹೊಳೆದೇ ಇರಲಿಲ್ಲ. ಸೋಮಲಿಂಗಪ್ಪನವರು ಮೀಸೆಯ ಮೇಲೆ ಕೈಯಾಡಿಸಿದರು. “ಬೇಡಿಕಿ? ಅದಾವ್ರಿ, ಭಾಳ ಅದಾವು. ಒಂದು, ರಹೀಮಗ ರಜಾ. ಎರಡು, ಕ್ಯಾಂಟೀನಿನ ಉಪ್ಪಿಟ್ಟಿಗೆ ಕರಿಬೇವು. ಮೂರು, ಅಧ್ಯಕ್ಷರಿಗೆ ಕೈ ಇರೋ ಕುರ್ಚಿ.”

ಮುಷ್ಕರ ಮಾಡದವರ ಬೇಡಿಕೆಯನ್ನು ಪರಿಗಣಿಸುವ ಪದ್ಧತಿ ಅಮೆರಿಕದಲ್ಲಿ ಇಲ್ಲವೆಂದು ಕನ್ಸಲ್ಟೆಂಟರೇ ತಿಳಿಸಿದ್ದರಿಂದ ನಾವು ಮುಷ್ಕರ ಹೂಡಿದೆವು. ಎಲ್ಲರದೂ ವೀಸಾ. ಹಾಗಾಗಿ ಕೆಲಸ ನಿಲ್ಲಿಸದೆ ಮುಷ್ಕರ ನಡೆಸಲು ಸರ್ವಾನುಮತದಿಂದ ತೀರ್ಮಾನವಾಯಿತು. ತಿಂಡಿಯಿಂದ ಊಟದವರೆಗೆ ಒಬ್ಬರು, ಊಟದಿಂದ ಕಾಫಿಯವರೆಗೆ ಇನ್ನೊಬ್ಬರು, ಹೀಗೆ ಸರದಿ ಉಪವಾಸ. ಅರ್ಧ ಆಫೀಸು ತೂಕ ಇಳಿಸಲು ಮೊದಲೇ ಉಪವಾಸವಿದ್ದುದರಿಂದ ಯಾರೂ ನಮ್ಮನ್ನು ಗಮನಿಸಲಿಲ್ಲ. ಕಾವ್ಯಾ ಅವರು ಬೆಳಿಗ್ಗೆ ನಮಗೆ ನೋಟಿಸು ಕೊಟ್ಟು, ಮಧ್ಯಾಹ್ನ ಸಂಘದ ಪರವಾಗಿ ಅದನ್ನು ಖಂಡಿಸುತ್ತಿದ್ದರು. ಎರಡನ್ನೂ ಬಹಳ ಚೆನ್ನಾಗಿ ಮಾಡಿದರು.

ಬಿಕ್ಕಟ್ಟು ಬಗೆಹರಿಸಿದ್ದು ಡ್ಯಾನ್‌ವಿಲ್‌ನಲ್ಲಿರುವ ಅಜಯರ ಮನೆಗೆ ಬಂದಿದ್ದ ಅವರ ತಾಯಿ ನಂಜಮ್ಮನವರು. ಮಗ ನಿದ್ದೆಗೆಟ್ಟು ಓಡಾಡುವುದನ್ನು ನೋಡಿ ಹೇಳಿದರಂತೆ: “ಅಯ್ಯೋ ಮಂಕೇ, ಕನ್ನಡ ಸಂಘದೋರಿಗೆ ಹೆದರ್ಕೊಂಡು ಕೂತಿದ್ದೀಯಾ? ಒಂದು ಶಾಲು ಹೊದಿಸಿ ಸನ್ಮಾನ ಮಾಡು. ತಾವೇ ತಣ್ಣಗಾಗ್ತಾರೆ.”

ತಣ್ಣಗಾದೆವು. ಒಪ್ಪಂದವಾಯಿತು. ಕರಿಬೇವು, ಕುರ್ಚಿ ತಕ್ಷಣ ಮಂಜೂರು. ರಹೀಮರ ರಜೆಗೆ ತಾತ್ವಿಕ ಒಪ್ಪಿಗೆ, ಕೊಡುವುದು ಮಾತ್ರ ಯುದ್ಧ ಮುಗಿದ ಮೇಲೆ. ಇದಲ್ಲದೆ, ಮುಂದೆ ತಮಗೆ ಒದಗಲಿರುವ ಸನ್ಮಾನಗಳನ್ನು ಲೆಕ್ಕಹಾಕಿ ಸೋಮಲಿಂಗಪ್ಪನವರು ಒಂದು ಷರತ್ತು ಸೇರಿಸಿದರು: ಸಂಘದ ಸನ್ಮಾನಕ್ಕೆ ವೇದಿಕೆಯ ಮೇಲೆ ಬೇಕಾದ ನೌಕರರಿಗೆ, ಸದರಿ ಸನ್ಮಾನ ನಡೆಯುವಷ್ಟೂ ಕಾಲ, ಯುದ್ಧವಿದ್ದಾಗ್ಯೂ, ಸಂಬಳ ಸಹಿತ ರಜೆ. ಅಜಯರು ಓದದೆ ಸಹಿ ಹಾಕಿದರು.

ಸನ್ಮಾನದ ದಿನ ಮೊದಲ ಶಾಲು ರಹೀಮರಿಗೆ, ರಜೆಯ ತ್ಯಾಗಕ್ಕಾಗಿ. ನಾನು ಸ್ವಾಗತ ಭಾಷಣದಲ್ಲಿದ್ದಾಗ ಅವರಿಗೆ ಫೋನು ಬಂತು. ಅಮೀನಾಗೆ ನೋವು ಶುರುವಾಗಿ, ಪಕ್ಕದ ಅಪಾರ್ಟ್‌ಮೆಂಟಿನವರು ಆಸ್ಪತ್ರೆಗೆ ಕರೆದೊಯ್ದಿದ್ದರು. ರಹೀಮ್ ಎದ್ದರು. ಸೋಮಲಿಂಗಪ್ಪನವರು ಭುಜ ಹಿಡಿದು ಕೂರಿಸಿದರು. “ಕೂಡ್ರಿ ತಮ್ಮಾ, ಸಾಹೇಬ್ರು ಹಾರ ಹಿಡಕೊಂಡು ನಿಂತಾರ. ವಂದನಾರ್ಪಣಿ ಆಗೋತನಕ ಯಾರರ ಏಳ್ತಾರೇನು?” ಸಾಹೇಬರೆಂದರೆ ವೀಸಾ ಪೇಪರಿಗೆ ಸಹಿ ಹಾಕುವ ಅಜಯರು. ರಹೀಮ್ ಕೂತರು. ಪೇಟ ಇಟ್ಟರು, ಹಾರ ಹಾಕಿದರು, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಏರಿಸಿದರು. ಎಲ್ಲರೂ ಎರಡೆರಡು ಮಾತಾಡಿದೆವು. ಸ್ವಲ್ಪ ಉದ್ದವಾಯಿತು, ನಿಜ. ಆದರೆ ಸಭೆಗೊಂದು ಮರ್ಯಾದೆ ಬೇಡವೇ? ಕೊನೆಗೊಮ್ಮೆ ವಿಡಿಯೋ ಕಾಲ್ ಬಂತು. ತೆರೆಯ ಮೇಲೆ ಅಮೀನಾ, ಎದೆಯ ಮೇಲೆ ಅಂಗೈಯಗಲದ ಕೂಸು.

“ರೀ, ಏನ್ರೀ ಅದು ತಲೆ ಮೇಲೆ ಪೇಟ? ನಾನಿಲ್ಲಿ ಹೆತ್ತು ಮಲಗಿದ್ದೀನಿ, ನೀವಲ್ಲಿ ಇನ್ನೊಂದು ಮದ್ವೆ ಮಾಡ್ಕೊತಿದ್ದೀರಾ?”

“ಇಲ್ಲ ಕಣೆ. ಸನ್ಮಾನ.”

“ಯಾತಕ್ಕೆ?”

“ಹೆರಿಗೆಗೆ ಬರದೇ ಇದ್ದಿದ್ದಕ್ಕೆ.”

ರಹೀಮರ ಕಣ್ಣು ತುಂಬಿ ಹರಿಯಿತು. ಸನ್ಮಾನದಿಂದ ಮನಸ್ಸು ತುಂಬಿ ಬಂದಿದೆಯೆಂದು ನಾವು ಇನ್ನೊಂದು ಸುತ್ತು ಚಪ್ಪಾಳೆ ತಟ್ಟಿದೆವು.

ಬಾಣಂತಿ ಮನೆಗೆ ಬಂದ ಮೇಲೆ ಸೋಮಲಿಂಗಪ್ಪನವರೂ ನಾನೂ ಸಂಘದ ಪರವಾಗಿ ನೋಡಲು ಹೋದೆವು. ರಹೀಮ್ ಆಫೀಸಿನಲ್ಲಿದ್ದರು. ಅಮೀನಾ ಒಂದು ಕೈಯಲ್ಲಿ ಮಗು ಹಿಡಿದು ಇನ್ನೊಂದರಲ್ಲಿ ಗಂಜಿ ಕಲಕುತ್ತಿದ್ದಳು. ಎರಡು ದಿನದಿಂದ ತಲೆ ಬಾಚಿರಲಿಲ್ಲ. ಅವಳನ್ನು ಸಮಾಧಾನಪಡಿಸಲು ಅಧ್ಯಕ್ಷರು ಒಪ್ಪಂದದ ಹಿರಿಮೆಯನ್ನು ವಿವರಿಸಿದರು. ಅಮೀನಾ ಒಲೆ ಆರಿಸಿದಳು.

“ಅಂಕಲ್, ಆ ಸನ್ಮಾನದ ರಜೆ ಅಂದ್ರಲ್ಲ, ಇನ್ನೊಂದ್ಸಲ ಹೇಳಿ.”

ಅಧ್ಯಕ್ಷರು ಹೆಮ್ಮೆಯಿಂದ ಇನ್ನೊಮ್ಮೆ ಹೇಳಿದರು.

“ಸನ್ಮಾನ ಎಷ್ಟು ಹೊತ್ತಿರಬೇಕು ಅಂತ ಏನಾದ್ರೂ ಇದೆಯಾ?”

“ಇಲ್ಲವ್ವ. ಭಾಷಣಕ್ಕ ಮಿತಿ ಹಾಕೂದು ನಮ್ಮ ಸಂಸ್ಕೃತಿ ಅಲ್ಲ.”

“ಹಾಗಾದ್ರೆ ನನಗೂ ಒಂದು ಸನ್ಮಾನ ಮಾಡಿ. ನಲವತ್ತು ದಿನದ್ದು. ನಮ್ಮೆಜಮಾನ್ರು ವೇದಿಕೆ ಮೇಲೆ ಬೇಕು.”

ಬಾಣಂತಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದುಂಟೇ? ಮಾರನೆಯ ದಿನವೇ ಅವರ ಸೋಫಾದ ಮೇಲೆ ಸನ್ಮಾನ ಉದ್ಘಾಟನೆಯಾಯಿತು. ಅಮೀನಾ ಶಾಲು ಹೊದ್ದು ಗಾಢವಾಗಿ ನಿದ್ದೆ ಹೋದಳು. ರಹೀಮ್ ಹಾರ ಹಾಕಿಕೊಂಡು ಮಗುವಿನ ಬಟ್ಟೆ ಒಗೆದರು, ಎಣ್ಣೆ ತಿಕ್ಕಿದರು, ಗಂಜಿ ಕಾಯಿಸಿದರು. ನಾನು ದಿನಾ ಹೋಗಿ, ಕಾರ್ಯಕ್ರಮ ಕೆಡದಂತೆ ಮೆಲುದನಿಯಲ್ಲಿ ಎರಡು ಮಾತಾಡಿ ಬರುತ್ತಿದ್ದೆ. ಅಜಯರು ಷರತ್ತನ್ನು ಆಗ ಓದಿ, ಕಾವ್ಯಾ ಅವರನ್ನು ಕರೆಸಿದರು. ಎಲ್ಲ ಕ್ರಮಬದ್ಧವಾಗಿದೆ ಎಂದರು ಕಾವ್ಯಾ. ಅವರದೇ ಹಲ್ಲು ಕೀಳಿಸಿಕೊಳ್ಳುವ ಸನ್ಮಾನವೊಂದು ಮುಂದಿನ ವಾರಕ್ಕೆ ನಿಗದಿಯಾಗಿತ್ತು. ಅಜಯರು ಕೂಡ ತಾಯಿಯನ್ನು ಸುತ್ತಾಡಿಸುವ ಸನ್ಮಾನವೊಂದಕ್ಕೆ ತಾರೀಖು ಕೇಳಿದ್ದಾರೆ. ಯುದ್ಧ ಎಂದಿನಂತೆ ಮುಂದುವರಿದಿದೆ.

ನಲವತ್ತನೇ ದಿನ ನಾನು ವಂದನಾರ್ಪಣೆಗೆ ಎದ್ದು ನಿಂತೆ. ಕೂಸು ರಹೀಮರ ಬೆರಳು ಹಿಡಿದು ಮಲಗಿತ್ತು. ಅವರು ಮೊದಲ ಬಾರಿಗೆ ಒಂದು ಆಕ್ಷೇಪಣೆ ಎತ್ತಿದರು.

“ಅಣ್ಣಾ, ಅಧ್ಯಕ್ಷರ ಭಾಷಣ ಆಗೇ ಇಲ್ಲವಲ್ಲ?”

ಆಕ್ಷೇಪಣೆ ಸರಿಯಾಗಿತ್ತು. ಸೋಮಲಿಂಗಪ್ಪನವರು ಗಂಟಲು ಸರಿಪಡಿಸಿಕೊಂಡು ಎದ್ದರು. ಇವತ್ತಿಗೆ ಮೂರನೇ ವಾರ. ಅವರಿನ್ನೂ ತಮ್ಮ ಬಾಲ್ಯದಲ್ಲೇ ಇದ್ದಾರೆ.